ಹೆಳವರ ಪಟ್ಟಿಯಲ್ಲಿ ಇಲ್ಲದವರು

ನಾನು ಸಣ್ಣವನಿದ್ದಾಗ ಧಾರವಾಡದ ಹತ್ತಿರದ ನಮ್ಮ ಊರಿಗೆ ಕೆಲವು ವರ್ಷಗಳಿಗೊಮ್ಮೆ ಹೆಳವರು ಬರುತ್ತಿದ್ದರು. ಕಟ್ಟೆಯ ಮೇಲೆ ಕೂತು, ನಮ್ಮ ಮನೆತನ ಎಲ್ಲಿಂದ ಬಂತು, ಯಾರಿಗೆ ಯಾರು ಹುಟ್ಟಿದರು ಎಂದು ಹೇಳಿ, ಕಾಳು ಪಡೆದು ಹೋಗುತ್ತಿದ್ದರು. ಒಮ್ಮೆ ಅಜ್ಜಿಯನ್ನು ಕೇಳಿದೆ, ‘ನಿನ್ನ ತವರಿನ ಸುದ್ದಿ ಯಾಕ ಹೇಳಲಿಲ್ಲ?’ ‘ಅದು ಬ್ಯಾರೆ ಮನಿ ಲೆಕ್ಕ’ ಎಂದಳು. ಮಕ್ಕಳಿಲ್ಲದೆ ತೀರಿಕೊಂಡ ದೊಡ್ಡಜ್ಜನ ಹೆಸರೂ ಒಂದೇ ಉಸಿರಿನಲ್ಲಿ ದಾಟಿಹೋಗಿತ್ತು.

ಈಗ ಪಿಎಚ್.ಡಿ.ಗಾಗಿ ಆದಿಮಾನವರ ವಲಸೆಯ ಬಗ್ಗೆ ಓದುವಾಗ ಆ ದೊಡ್ಡಜ್ಜ ಮತ್ತೆ ಮತ್ತೆ ನೆನಪಾಗುತ್ತಾನೆ.

ಸುಮಾರು 74 ಸಾವಿರ ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿ ಎರಡೂವರೆ ಸಾವಿರ ಕಿಲೋಮೀಟರಿಗೂ ದೂರದ ನಮ್ಮ ದಖನ್ನಿಗೆ ಬಂದು ಬಿತ್ತು. ಆಂಧ್ರದ ಹಳೆಯ ಕರ್ನೂಲು ಜಿಲ್ಲೆಯಲ್ಲಿ, ಯಾಗಂಟಿಗೆ ಸಮೀಪದ ಜ್ವಾಲಾಪುರಂ ಎಂಬ ಹಳ್ಳಿಯಲ್ಲಿ, ಮಳೆನೀರು ತೊಳೆದು ತಂದ ಬೂದಿಯೂ ಸೇರಿ ಈ ಪದರ ಕೆಲವೆಡೆ ಎರಡು ಮೀಟರಿಗಿಂತ ದಪ್ಪವಾಗಿದೆ. ಅಲ್ಲಿ ಉತ್ಖನನ ನಡೆಸಿದವರು ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಮೈಕೆಲ್ ಪೆಟ್ರಾಗ್ಲಿಯಾ ಮತ್ತು ಸಂಗಡಿಗರು. 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಸಂಗತಿ ಇದು: ಬೂದಿಯ ಕೆಳಗೂ ಕಲ್ಲಿನ ಆಯುಧಗಳಿವೆ, ಮೇಲೆಯೂ ಇವೆ, ಎರಡರಲ್ಲೂ ಹೋಲಿಕೆಯಿದೆ. ಅಂದರೆ ಟೋಬಾದ ನಂತರವೂ ಜನ ಇಲ್ಲಿ ಬದುಕುಳಿದರು. ಅವರು ನಮ್ಮಂಥ ಆಧುನಿಕ ಮಾನವರೇ ಆಗಿರಬಹುದು ಎಂಬುದು ಅವರ ವಾದ.

ಆ ಸ್ಫೋಟ ಹವಾಮಾನವನ್ನು ಎಷ್ಟು ಕೆಡಿಸಿತು ಎಂಬುದೂ ಜಗಳದ ವಿಷಯವೇ. ಮಧ್ಯಭಾರತದ ಹಳೆಯ ಮಣ್ಣಿನಲ್ಲಿರುವ ಇಂಗಾಲವನ್ನು ಪರೀಕ್ಷಿಸಿದವರು, ಬೂದಿಯ ನಂತರ ಕಾಡು ಕುಗ್ಗಿ ಹುಲ್ಲುಗಾವಲು ಹಬ್ಬಿತು ಎಂದರು. ಆಫ್ರಿಕದ ಮಲಾವಿ ಸರೋವರದ ಕೆಸರಿನಲ್ಲಿ ಮಾತ್ರ ದೊಡ್ಡ ಚಳಿಯ ಗುರುತು ಸಿಗಲಿಲ್ಲ.

ವಂಶವಾಹಿಗಳ ಲೆಕ್ಕ ಬೇರೆಯೇ ಇದೆ. ಮೈಟೋಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ. ಅಜ್ಜಿ ಹೇಳಿದ ಆ ‘ಬ್ಯಾರೆ ಮನಿ ಲೆಕ್ಕ’ ಇಲ್ಲಿ ಮುಖ್ಯವಾಗುತ್ತದೆ. ಅದರಲ್ಲಿ ಕಾಲಕಾಲಕ್ಕೆ ಸೇರುವ ಸಣ್ಣ ಬದಲಾವಣೆಗಳನ್ನು ಎಣಿಸಿ, ಎರಡು ಕವಲುಗಳು ಯಾವಾಗ ಬೇರೆಯಾದವು ಎಂದು ಅಂದಾಜು ಮಾಡುತ್ತಾರೆ. ಭಾರತದಲ್ಲಿ ಹೆಚ್ಚು ಹರಡಿರುವುದು ‘ಎಂ’ ಎಂಬ ತಾಯಿಕವಲು. ಈ ಲೆಕ್ಕವನ್ನು ಮುಂದಿಟ್ಟು 2013ರಲ್ಲಿ ಪಾಲ್ ಮೆಲ್ಲರ್ಸ್ ಮತ್ತು ಸಂಗಡಿಗರು, ಆಧುನಿಕ ಮಾನವರು ಇಲ್ಲಿಗೆ ಬಂದದ್ದು ಟೋಬಾದ ನಂತರ, ಸುಮಾರು 60ರಿಂದ 50 ಸಾವಿರ ವರ್ಷಗಳ ಹಿಂದೆ ಎಂದು ಉತ್ತರಿಸಿದರು. 2020ರಲ್ಲಿ ಮಧ್ಯಪ್ರದೇಶದ ಸೋನ್ ಕಣಿವೆಯ ಧಾಬಾದಿಂದ ಮತ್ತೆ ಕಲ್ಲುಗಳೇ ಮಾತಾಡಿದವು: ಅಲ್ಲಿಯೂ ಟೋಬಾದ ಹಿಂದೆ ಮುಂದೆ ಆಯುಧ ತಯಾರಿಕೆ ನಿಂತಿರಲಿಲ್ಲ.

ಇವರಲ್ಲಿ ಯಾರು ಸರಿ? ಆ ಬೂದಿಯ ಕೆಳಗೆ ಮನುಷ್ಯರ ಮೂಳೆ ಸಿಕ್ಕಿಲ್ಲ. ಹಾಗಾಗಿ ಆಯುಧ ಮಾಡಿದ ಕೈ ಯಾರದೆಂದು ಖಚಿತವಾಗಿ ಹೇಳಲಾಗದು. ಆದರೆ ಎರಡು ಲೆಕ್ಕಗಳೂ ಒಟ್ಟಿಗೆ ನಿಜವಾಗಿರಲು ಸಾಧ್ಯ ಎಂದು ನನಗನ್ನಿಸುತ್ತದೆ. ಇಂದು ಬದುಕಿರುವವರ ವಂಶವಾಹಿ ಹೆಳವರಂತೆ. ಕುಡಿ ಉಳಿದವರ ಕಥೆಯನ್ನಷ್ಟೇ ಹೇಳುತ್ತದೆ. ಬಂದು, ಸಾವಿರಾರು ವರ್ಷ ಬಾಳಿ, ವಂಶ ಅಳಿದುಹೋದವರು ಅದರಲ್ಲಿ ಕಾಣುವುದಿಲ್ಲ. ಕಲ್ಲಿಗೆ ಆ ಭೇದವಿಲ್ಲ.

ಈ ನೆಲಕ್ಕೆ ಮೊದಲು ಬಂದವರು ನಾವೇ, ನೀವು ಹೊರಗಿನವರು ಎಂಬ ಜಗಳ ಈಗ ಎಲ್ಲೆಡೆ ಕೇಳುತ್ತದೆ. ಎರಡೂ ಕಡೆಯವರು ಡಿಎನ್‌ಎ ವರದಿ ಹಿಡಿದೇ ಬರುತ್ತಾರೆ. ಆದರೆ ಆ ವರದಿ ‘ಮೊದಲು ಯಾರು ಬಂದರು’ ಎಂಬುದನ್ನು ಹೇಳುವುದಿಲ್ಲ. ‘ಉಳಿದವರಲ್ಲಿ ಯಾರು ಯಾವಾಗ ಬಂದರು’ ಎಂಬುದನ್ನಷ್ಟೇ ಹೇಳುತ್ತದೆ. ನಮಗಿಂತ ಮೊದಲು ಈ ನೆಲದಲ್ಲಿ ಬೇಟೆಯಾಡಿ, ಮಕ್ಕಳನ್ನು ಸಾಕಿದವರಿದ್ದರು. ಅವರ ಪರವಾಗಿ ಹಕ್ಕು ಕೇಳಲು ಇಂದು ಯಾರೂ ಉಳಿದಿಲ್ಲ.

ಕಳೆದ ಬಾರಿ ಊರಿಗೆ ಹೋದಾಗ ಹೊಲದ ಬದುವಿನ ಮೇಲೆ ಕೂತಿದ್ದೆ. ಕಲ್ಲು ಜೋಡಿಸಿ ಅದನ್ನು ಕಟ್ಟಿದವನು ದೊಡ್ಡಜ್ಜ ಎಂದು ಅಪ್ಪ ಹೇಳಿದ. ಮಣ್ಣು ಇನ್ನೂ ಅದರಿಂದಲೇ ನಿಂತಿದೆ.