ಡೈನಮೈಟಿನ ಪುಸ್ತಕ, ಮಾಳಿಗೆಯ ಮೊಟ್ಟೆ: ಲಂಬ ಕೃಷಿಯ ವಂಶಾವಳಿಯ ಮರುಪರಿಶೀಲನೆ

ನಗರದ ಕಟ್ಟಡಗಳಲ್ಲಿ ಬೇಸಾಯ ಮಾಡುವ ಬಗ್ಗೆ ಬರೆಯುವವರು ಪೀಠಿಕೆಯಲ್ಲಿ ಒಂದು ವಂಶಾವಳಿಯನ್ನು ತಪ್ಪದೆ ಒಪ್ಪಿಸುತ್ತಾರೆ. ಮೊದಲು ಬ್ಯಾಬಿಲೋನಿನ ತೂಗುದೋಟ. ಆಮೇಲೆ ಒಮ್ಮೆಲೇ 1909ರಲ್ಲಿ ನ್ಯೂಯಾರ್ಕಿನ 'ಲೈಫ್' ಪತ್ರಿಕೆಯಲ್ಲಿ ಬಂದ ಗಗನಚುಂಬಿಯ ಚಿತ್ರ. 1915ರಲ್ಲಿ ಗಿಲ್ಬರ್ಟ್ ಎಲಿಸ್ ಬೇಯ್ಲಿ ಬರೆದ 'ವರ್ಟಿಕಲ್ ಫಾರ್ಮಿಂಗ್'. ಅಲ್ಲಿಂದ ಒಂದೇ ನೆಗೆತಕ್ಕೆ 1999, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಿಕ್ಸನ್ ಡೆಸ್ಪೊಮಿಯೆ ನಡೆಸಿದ ತರಗತಿ. ತೂಗುದೋಟದ ಜಗಳ ಪುರಾತತ್ವಜ್ಞರಿಗೆ ಸೇರಿದ್ದು, ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ನನ್ನ ತಕರಾರು ಮುಖ್ಯವಾಗಿ ಮೂರನೆಯ ಕೊಂಡಿಯ ಮೇಲೆ. ಬಹುಮಹಡಿ ಕಟ್ಟಡದಲ್ಲಿ ಬೆಳೆ ಬೆಳೆಯುವ ವಿಚಾರವನ್ನು ಮೊದಲು ಮಂಡಿಸಿದವನು ಬೇಯ್ಲಿ ಎಂಬ ಮಾತು ಒಂದರಿಂದ ಇನ್ನೊಂದು ಲೇಖನಕ್ಕೆ ದಾಟುತ್ತಲೇ ಇದೆ. ಅದನ್ನು ದಾಟಿಸುತ್ತಿರುವವರು ಪುಸ್ತಕದ ಹೊದಿಕೆಯಾಚೆ ಹೋದ ಲಕ್ಷಣ ಕಾಣುವುದಿಲ್ಲ.

ಹೊದಿಕೆಯಾಚೆ ಹೋಗುವುದೂ ಬೇಡ, ಪ್ರಕಾಶಕರ ಹೆಸರನ್ನು ಓದಿದ್ದರೆ ಸಾಕಿತ್ತು. ಪುಸ್ತಕವನ್ನು ಹೊರತಂದದ್ದು ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್ನಿನ ಡ್ಯುಪಾಂಟ್ ಕಂಪನಿ. ಇಂದು ನೈಲಾನ್, ಟೆಫ್ಲಾನ್‌ಗಳಿಂದ ನಮಗೆ ಪರಿಚಿತವಾಗಿರುವ ಈ ಕಂಪನಿ ಆಗ ಸಿಡಿಮದ್ದಿನ ಕಾರ್ಖಾನೆ. 1910ರಲ್ಲೇ ಅದು 'ಫಾರ್ಮಿಂಗ್ ವಿತ್ ಡೈನಮೈಟ್' ಎಂಬ ಪ್ರಚಾರ ಪುಸ್ತಿಕೆಯನ್ನು ರೈತರಿಗಾಗಿ ಹೊರಡಿಸಿತ್ತು. ಏಕಸ್ವಾಮ್ಯ ವಿರೋಧಿ ಮೊಕದ್ದಮೆಯಲ್ಲಿ ಸೋತು 1912ರಲ್ಲಿ ಹರ್ಕ್ಯುಲಿಸ್ ಮತ್ತು ಅಟ್ಲಾಸ್ ಎಂಬ ಎರಡು ಕಂಪನಿಗಳನ್ನು ಬಿಟ್ಟುಕೊಟ್ಟ ಮೇಲೆ ಅದಕ್ಕೆ ಹೊಸ ಗಿರಾಕಿಗಳು ಬೇಕಾಗಿದ್ದರು ಎಂದು ಊಹಿಸುವುದು ಕಷ್ಟವಲ್ಲ. ಊಹೆಯನ್ನು ಬದಿಗಿಟ್ಟರೂ ಒಂದು ಸಂಗತಿ ಉಳಿಯುತ್ತದೆ. ಬೇಯ್ಲಿಯ ಪುಸ್ತಕ ಓದಿ ಮುಗಿಸಿದ ರೈತ ಮಾಡಬೇಕಾಗಿದ್ದ ಕೆಲಸ ಡೈನಮೈಟ್ ಕೊಳ್ಳುವುದು. ಕಟ್ಟಡ ಕಟ್ಟುವ ಮಾತು ಅಲ್ಲಿಲ್ಲ.

ಲೇಖಕ ಯಾರೆಂಬುದೂ ಮುಖ್ಯ. ಬೇಯ್ಲಿ ಭೂವಿಜ್ಞಾನಿ, ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವನು, 1902ರಲ್ಲಿ ಕ್ಯಾಲಿಫೋರ್ನಿಯಾದ ಗಣಿ ಇಲಾಖೆಗಾಗಿ ಆ ರಾಜ್ಯದ ಲವಣ ನಿಕ್ಷೇಪಗಳ ಮೇಲೆ ವರದಿ ಬರೆದವನು. ಭೂವಿಜ್ಞಾನಿಯ ಕಣ್ಣಿಗೆ ಹೊಲವೆಂದರೆ ಕೆಳಕ್ಕೆ ಇಳಿದುಹೋಗುವ ಪದರಗಳು. ಬಂಡೆ ಹೇಗೆ ಮಣ್ಣಾಗುತ್ತದೆ, ಅದರಲ್ಲಿ ಪೋಷಕಾಂಶ ಎಲ್ಲಿರುತ್ತದೆ, ಬೇರು ಎಷ್ಟು ಆಳಕ್ಕೆ ಹೋಗಬಲ್ಲದು ಎಂಬುದು ಅವನ ವಿಚಾರ. ಕ್ಯಾಲಿಫೋರ್ನಿಯಾದ ತೋಟಗಾರರನ್ನು ಕಾಡುತ್ತಿದ್ದದ್ದು ಮೇಲ್ಮಣ್ಣಿನ ಕೆಳಗೆ ಗಾರೆಯಂತೆ ಗಟ್ಟಿಯಾಗಿ ಕುಳಿತ ಪದರ. ಅದನ್ನು ನೀರೂ ದಾಟದು, ಬೇರೂ ದಾಟದು. ಬೈರಿಗೆಯಿಂದ ಕುಳಿ ತೋಡಿ, ತಳದಲ್ಲಿ ಡೈನಮೈಟ್ ತುಂಡು ಇಟ್ಟು, ಮಣ್ಣು ಬಿಗಿದು ಸಿಡಿಸಿದರೆ ಆ ಪದರ ಬಿರಿಯುತ್ತದೆ. ಮಳೆ ನೀರು ಇಳಿಯುತ್ತದೆ, ಬೇರು ಹಿಂಬಾಲಿಸುತ್ತದೆ. ಹೊಸ ಜಮೀನು ಕೊಳ್ಳುವ ಬದಲು ಇರುವ ಜಮೀನನ್ನೇ ಆಳವಾಗಿಸು ಎಂಬುದು ಬೇಯ್ಲಿಯ ಉಪದೇಶ.

ಇಷ್ಟನ್ನು ತೋರಿಸಿಕೊಟ್ಟಾಗ ಎದುರಾಳಿಗಳು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಮೊದಲನೆಯದು: 'ಸರಿ, ಮೇಲಕ್ಕಲ್ಲ, ಬೇಯ್ಲಿ ನೆಲದಡಿಯ ಅಂತಸ್ತುಗಳಲ್ಲಿ ಕೃಷಿ ಹೇಳಿದ.' ಇದು ಮೊದಲಿನ ತಪ್ಪಿಗಿಂತ ದೊಡ್ಡ ತಪ್ಪು. ಸಿಡಿತದಿಂದ ನೆಲದಡಿ ಕೋಣೆ ಉಂಟಾಗುವುದಿಲ್ಲ. ಉಂಟಾದರೆ ಆ ಕೆಲಸ ಕೆಟ್ಟಿತೆಂದೇ ಅರ್ಥ: ಒದ್ದೆ ಜೇಡಿಯಲ್ಲಿ ಸಿಡಿಸಿದರೆ ಮಣ್ಣು ಬಿರಿಯದೆ ಸುತ್ತಲೂ ಒತ್ತಿಕೊಂಡು ಪೊಟರೆಯಾಗುತ್ತದೆ, ಅದಕ್ಕಾಗಿಯೇ ಕೆಳಮಣ್ಣು ಒಣಗಿರುವಾಗ ಮಾತ್ರ ಸಿಡಿಸಬೇಕು. (ಅದೇ ದಶಕದಲ್ಲಿ ಕಾನ್ಸಾಸ್ ಕೃಷಿ ಪ್ರಯೋಗ ಕೇಂದ್ರದ ಕಾಲ್ ಮತ್ತು ಥ್ರಾಕ್‌ಮಾರ್ಟನ್ ಭಾರಿ ಜೇಡಿ ನೆಲಗಳಲ್ಲಿ ಡೈನಮೈಟ್ ಪರೀಕ್ಷಿಸಿ, ಅದರಿಂದ ಪ್ರಯೋಜನವಿಲ್ಲವೆಂಬ ತೀರ್ಮಾನಕ್ಕೆ ಬಂದರು. ಬೇಯ್ಲಿಯನ್ನು ದಾರ್ಶನಿಕನೆಂದು ಹೊಗಳುವ ಬರಹಗಳಲ್ಲಿ ಈ ಇಬ್ಬರ ಹೆಸರು ನನ್ನ ಕಣ್ಣಿಗೆ ಬಿದ್ದಿಲ್ಲ. ಕಂಪನಿಯ ಪುಸ್ತಕ ಉಳಿಯಿತು, ಪ್ರಯೋಗ ಕೇಂದ್ರದ ವರದಿ ಕಪಾಟು ಸೇರಿತು.)

ಎರಡನೆಯ ಹೆಜ್ಜೆ ಹೆಚ್ಚು ಜಾಣತನದ್ದು, ಉತ್ತರಕ್ಕೂ ಅರ್ಹವಾದದ್ದು. 'ವಿವರ ಬೇರೆ ಇರಬಹುದು, ತತ್ವ ಒಂದೇ. ಹರವಿನ ಬದಲು ಮೂರನೆಯ ಆಯಾಮದಲ್ಲಿ ಇಳುವರಿ ಹುಡುಕುವುದು' ಎಂಬ ವಾದ ಇದು. ತತ್ವ ಒಂದೇ ಅಲ್ಲ. ಬೇಯ್ಲಿಯ ಒಂದು ಎಕರೆಯ ಮೇಲೆ ಬೀಳುವುದು ಒಂದು ಎಕರೆಯ ಬಿಸಿಲು. ಬೇರು ಎರಡು ಅಡಿಯ ಬದಲು ಆರು ಅಡಿ ಇಳಿದರೂ ಎಲೆಗಳಿಗೆ ಸಿಗುವ ಬೆಳಕು ಅಷ್ಟೇ. ಹೆಚ್ಚುವುದು ನೀರಿನ ದಾಸ್ತಾನು, ಅದರಿಂದ ಬರ ತಾಳುವ ಶಕ್ತಿ. ಹೊಲದ ಮೇಲೆ ಹೊಲ ಕೂರಿಸಿದ ಕ್ಷಣ ಸಮಸ್ಯೆಯೇ ಬದಲಾಗುತ್ತದೆ. ಮೇಲಿನ ಅಂತಸ್ತು ಕೆಳಗಿನದರ ಬಿಸಿಲನ್ನು ಕಸಿಯುತ್ತದೆ; ಇರುವ ಬೆಳಕನ್ನು ಹಂಚಿಕೊಳ್ಳಬೇಕು, ಇಲ್ಲವೇ ವಿದ್ಯುತ್ತಿನಿಂದ ತಯಾರಿಸಬೇಕು. ಬೇಯ್ಲಿಯ ಕೊರತೆ ನೀರಿನದು, ಗೋಪುರದ ಕೊರತೆ ಬೆಳಕಿನದು. ಎರಡನ್ನೂ ಒಂದೇ ಗೋತ್ರಕ್ಕೆ ಸೇರಿಸುವುದರಿಂದ ಆಗುವ ನಷ್ಟ ಬರಿಯ ಪಾಂಡಿತ್ಯದ್ದಲ್ಲ. ಲಂಬ ಕೃಷಿಯ ದೊಡ್ಡ ಖರ್ಚು ದೀಪದ ಖರ್ಚು ಎಂಬುದನ್ನೇ ಆ ವಂಶಾವಳಿ ಮರೆಸುತ್ತದೆ.

1909ರ ಚಿತ್ರದ ಬಗ್ಗೆ ಇಷ್ಟು ಹೇಳಬೇಕಾಗಿಲ್ಲ. ಆಗಿನ 'ಲೈಫ್' ಹಾಸ್ಯ ವಾರಪತ್ರಿಕೆ. ಮುಂದೆ ಆ ಹೆಸರಿನಲ್ಲಿ ಬಂದ ಛಾಯಾಚಿತ್ರಗಳ ಪತ್ರಿಕೆಯಲ್ಲ. ಎ.ಬಿ. ವಾಕರ್ ಬರೆದ ಚಿತ್ರ ಮಾರ್ಚ್ 4ರ ಸಂಚಿಕೆಯದು. ಉಕ್ಕಿನ ಬರಿ ಹಂದರ, ಒಂದೊಂದು ತಟ್ಟೆಯ ಮೇಲೂ ಅಂಗಳ, ಮರ ಸಮೇತ ಒಂದೊಂದು ಹಳ್ಳಿಮನೆ. ಕೆಳಗಿನ ಒಕ್ಕಣೆ ನಿವೇಶನ ಮಾರಾಟದ ಜಾಹೀರಾತಿನ ಅಣಕ: ಬ್ರಾಡ್‌ವೇಯಿಂದ ಒಂದು ಮೈಲಿ ದೂರವೂ ಇಲ್ಲ, ಆದರೆ ದೂರವನ್ನು ಅಳೆಯಬೇಕಾದದ್ದು ಮೇಲ್ಮುಖವಾಗಿ. ಬೆಂಗಳೂರಿನ ಹೊರವಲಯದ ಲೇಔಟು ಜಾಹೀರಾತುಗಳನ್ನು ಓದಿದವರಿಗೆ ಈ ಹಾಸ್ಯ ಬಿಡಿಸಿ ಹೇಳಬೇಕಾಗಿಲ್ಲ. ವಾಸ್ತುಶಿಲ್ಪಿ ರೆಮ್ ಕೂಲ್ಹಾಸ್ 1978ರ 'ಡೆಲಿರಿಯಸ್ ನ್ಯೂಯಾರ್ಕ್'ನಲ್ಲಿ ಇದನ್ನು ಮರಳಿ ಮುದ್ರಿಸಿ, ಒಂದೇ ನಿವೇಶನವನ್ನು ಎಷ್ಟು ಬಾರಿಯಾದರೂ ಸೃಷ್ಟಿಸಬಲ್ಲ ಯಂತ್ರ ಗಗನಚುಂಬಿ ಎಂಬ ಪ್ರಮೇಯ ಹೊರಡಿಸಿದ. ಅಂತಸ್ತುಗಳು ಪರಸ್ಪರ ಸಂಬಂಧವಿಲ್ಲದೆ ಇರಬಲ್ಲವು ಎಂಬುದು ಅವನ ಆಸಕ್ತಿ. ಅಲ್ಲಿ ಬೇಸಾಯದ ಪ್ರಶ್ನೆಯೇ ಇಲ್ಲ. ಆ ಚಿತ್ರದಲ್ಲಿ ಬೇಸಾಯ ಕಂಡ ತಪ್ಪು ಅವನದಲ್ಲ, ಅವನ ಪುಸ್ತಕದಿಂದ ಚಿತ್ರವನ್ನಷ್ಟೇ ಕತ್ತರಿಸಿಕೊಂಡವರದು.

ವಿಚಿತ್ರವೆಂದರೆ ವಾಕರ್ ಆ ಚಿತ್ರ ಬರೆಯುವ ಮೊದಲೇ, ಅದೇ ಬ್ರಾಡ್‌ವೇ ಬೀದಿಯಲ್ಲಿ, ಉಕ್ಕಿನ ಚೌಕಟ್ಟಿನ ಕಟ್ಟಡವೊಂದರ ಮಾಳಿಗೆಯ ಮೇಲೆ ನಿಜವಾದ ಫಾರ್ಮ್ ನಡೆದು, ಮುಚ್ಚಿಯೂ ಹೋಗಿತ್ತು. ಅದು 73 ಮತ್ತು 74ನೆಯ ಬೀದಿಗಳ ನಡುವಿನ ಅನ್ಸೋನಿಯಾ ಹೋಟೆಲು, 1904ರಲ್ಲಿ ಪೂರ್ಣಗೊಂಡದ್ದು, ಕಟ್ಟಿಸಿದವನು ತಾಮ್ರದ ವ್ಯಾಪಾರದ ಮನೆತನದ ವಿಲಿಯಂ ಅರ್ಲ್ ಡಾಜ್ ಸ್ಟೋಕ್ಸ್. ಅವನ ಮಗ ಮುಂದೆ ನೆನಪಿಸಿಕೊಂಡಂತೆ ಮಾಳಿಗೆಯ ಮೇಲೆ ಸುಮಾರು 500 ಕೋಳಿ, ಬಹಳಷ್ಟು ಬಾತು, ಆರೇಳು ಆಡು, ಒಂದು ಚಿಕ್ಕ ಕರಡಿ ಇದ್ದವು. ದಿನವೂ ಹೋಟೆಲಿನ ಹುಡುಗ ಬಾಡಿಗೆದಾರರ ಬಾಗಿಲಿಗೆ ತಾಜಾ ಮೊಟ್ಟೆ ಮುಟ್ಟಿಸುತ್ತಿದ್ದ. ಮಿಕ್ಕವು ನೆಲಮಾಳಿಗೆಯ ಅಂಗಡಿಸಾಲಿನಲ್ಲಿ ಕಡಿಮೆ ಬೆಲೆಗೆ ಮಾರಾಟವಾಗುತ್ತಿದ್ದವು. 1907ರಲ್ಲಿ ನಗರದ ಆರೋಗ್ಯ ಇಲಾಖೆ ಇದನ್ನು ಮುಚ್ಚಿಸಿತು.

ಸಾಕ್ಷಿಯನ್ನು ಜರಡಿ ಹಿಡಿಯಬೇಕು. ಹೇಳಿಕೆ ಕೊಟ್ಟ ಮಗ ಆಗ ಹತ್ತು ವರ್ಷದ ಆಸುಪಾಸಿನ ಹುಡುಗ. ಹುಡುಗರ ನೆನಪಿನಲ್ಲಿ ಕೋಳಿಗಳ ಸಂಖ್ಯೆ ಬೆಳೆಯುವುದು ಸಹಜ. ಆದ್ದರಿಂದ 500 ಎಂಬ ಅಂಕಿಯನ್ನು ನಾನು ಆಧಾರವಾಗಿ ಬಳಸುವುದಿಲ್ಲ. ಆದರೆ ಇಲಾಖೆಯ ಕ್ರಮ ಮಗನ ನೆನಪನ್ನು ಅವಲಂಬಿಸಿಲ್ಲ. ಮೊಟ್ಟೆ ಮುಟ್ಟಿಸುವ, ಮಿಕ್ಕದ್ದನ್ನು ಮಾರುವ ವಿವರವೂ ಕರಡಿಯ ವಿವರದಂತೆ ಬೆರಗಿಗಾಗಿ ಕಟ್ಟಿದ್ದೆನಿಸುವುದಿಲ್ಲ. ಉತ್ಪಾದನೆ, ಕಟ್ಟಡದೊಳಗೇ ವಿತರಣೆ, ಮಿಕ್ಕಿದ್ದರ ಮಾರಾಟ ಈ ಮೂರೂ ಒಂದೇ ಸೂರಿನಡಿ ನಡೆದವು. ಇದು ಸಿರಿವಂತನ ಖಯಾಲಿ, ಕೃಷಿಯಲ್ಲ ಎಂಬ ಆಕ್ಷೇಪವುಂಟು. ಖಯಾಲಿಯೇ ಇರಲಿ. ಬೇಯ್ಲಿಯ ಪುಸ್ತಕಕ್ಕೂ ವಾಕರನ ನಗೆಚಿತ್ರಕ್ಕೂ ಪೀಠ ಕೊಟ್ಟವರು ಮೊಟ್ಟೆಗೆ ಮಾತ್ರ ಅರ್ಹತಾ ಪರೀಕ್ಷೆ ಇಡುವುದು ನ್ಯಾಯವಲ್ಲ.

ಅನ್ಸೋನಿಯಾದ ಫಾರ್ಮಿನ ಅಡ್ಡಿ ಕಟ್ಟಡದ ಬಲದಲ್ಲಿರಲಿಲ್ಲ, ಕಾನೂನಿನಲ್ಲಿತ್ತು ಎಂಬುದು ನನಗೆ ಮುಖ್ಯ. ಕಾನೂನಿನ ಆತಂಕಕ್ಕೆ ಕಾರಣವೂ ಇತ್ತು: ಒಂದು ಕೋಳಿ ದಿನಕ್ಕೆ ಸುಮಾರು ನೂರು ಗ್ರಾಂ ಹಿಕ್ಕೆ ಹಾಕುತ್ತದೆ. ಮಗನ ಅಂಕಿಯನ್ನು ಅರ್ಧಕ್ಕಿಳಿಸಿದರೂ ದಿನಕ್ಕೆ 25 ಕಿಲೋ. ಹದಿನೇಳು ಅಂತಸ್ತು ಕೆಳಗಿಳಿಸಬೇಕು. ನ್ಯೂಯಾರ್ಕಿನ ಅಧಿಕಾರಿಗಳಿಗೆ ಈ ಪ್ರಾಣಿಗಳು ಕಂಡದ್ದು ಯಾವ ಹಿನ್ನೆಲೆಯಲ್ಲಿ ಎಂಬುದನ್ನೂ ನೆನೆಯಬೇಕು. ನಗರ 1859ರಲ್ಲಿ ಹಂದಿದೊಡ್ಡಿಗಳನ್ನು ಬಲವಂತದಿಂದ ಎತ್ತಿಸಿತ್ತು, 1866ರಲ್ಲಿ ಅಲ್ಲಿ ಆರೋಗ್ಯ ಮಂಡಳಿ ಸ್ಥಾಪನೆಯಾಗಿತ್ತು. ಅದಕ್ಕೂ ಮುಂಚೆ 1858ರಲ್ಲಿ ಫ್ರಾಂಕ್ ಲೆಸ್ಲಿಯ ವಾರಪತ್ರಿಕೆ ಭಟ್ಟಿಗಳಿಗೆ ಅಂಟಿಕೊಂಡಿದ್ದ ಹಟ್ಟಿಗಳನ್ನು ಬಯಲಿಗೆಳೆದಿತ್ತು: ಸಾರಾಯಿ ಇಳಿಸಿ ಮಿಕ್ಕ ಬಿಸಿ ಗಸಿಯನ್ನೇ ಕುಡಿದು ಬದುಕುತ್ತಿದ್ದ ಹಸುಗಳು, ಅವುಗಳ ತೆಳು ಹಾಲು, ಅದನ್ನು ಕುಡಿದ ಮಕ್ಕಳ ಸಾವು. 1862ರಲ್ಲಿ ಅದರ ವಿರುದ್ಧ ಕಾಯಿದೆಯಾಯಿತು. ಒಂದು ಉದ್ಯಮದ ತ್ಯಾಜ್ಯ ಪಕ್ಕದ ಕೃಷಿಗೆ ಆಹಾರವಾಗಬೇಕು ಎಂದು ಇಂದಿನ ವಾಸ್ತುಶಿಲ್ಪಿಗಳು ನಕ್ಷೆಗಳಲ್ಲಿ ಹಸಿರು ಬಾಣಗಳಿಂದ ತೋರಿಸುವ ಚಕ್ರ ಆ ಹಟ್ಟಿಗಳಲ್ಲಿ ಪೂರ್ತಿಯಾಗಿ ತಿರುಗುತ್ತಿತ್ತು. ವಂಶಾವಳಿ ಬರೆಯುವುದೇ ಆದರೆ ಈ ಪೂರ್ವಜನನ್ನೂ ಬರೆಯಬೇಕು.

ಇನ್ನು ನಮ್ಮವರ ಮಾತು. ವಿದೇಶದ ಹಕ್ಕುಸ್ಥಾಪನೆ ಕಂಡೊಡನೆ 'ನಮ್ಮ ಮಾಳಿಗೆ ಮನೆಗಳ ಮೇಲೂ ತೋಟವಿತ್ತು' ಎನ್ನುವ ಉತ್ಸಾಹಿಗಳಿದ್ದಾರೆ. ಬಯಲುಸೀಮೆಯ ಮಣ್ಣಿನ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು, ಜೋಳ ಒಣಗುತ್ತಿತ್ತು, ಬೇಸಿಗೆಯಲ್ಲಿ ಜನ ಮಲಗುತ್ತಿದ್ದರು, ಬೆಳೆ ಬೆಳೆಯುತ್ತಿರಲಿಲ್ಲ. ಬೆಳೆಯದಿರಲೆಂದೇ ಮೇಲೆ ಕರಲು ಮಣ್ಣು ಹರಡುತ್ತಿದ್ದರು. ಅದರ ಉಪ್ಪು ಜೇಡಿಯ ಕಣಗಳನ್ನು ಬಿಡಿಸಿ ಸಂದುಗಳನ್ನು ಮುಚ್ಚುತ್ತದೆ, ಹುಲ್ಲು ಚಿಗುರಲು ಬಿಡುವುದಿಲ್ಲ. ಮಾಳಿಗೆಯಲ್ಲಿ ಹುಲ್ಲೆಂದರೆ ಬೇರು, ಬೇರೆಂದರೆ ಸೋರಿಕೆ. ಆ ಜಾಣ್ಮೆಯನ್ನು ಅದರ ವಿರುದ್ಧಾರ್ಥಕ್ಕೆ ತಿರುಗಿಸಿ ಹೆಮ್ಮೆಪಡುವುದು ಆ ಮನೆಗಳನ್ನು ಕಟ್ಟಿದವರಿಗೆ ಮಾಡುವ ಅನ್ಯಾಯ.

ಕಾಂಕ್ರೀಟಿನ ತಾರಸಿಗೆ ಸೋರಿಕೆಯ ಜತೆಗೆ ತೂಕದ ಪ್ರಶ್ನೆಯೂ ಇದೆ. ಭಾರತೀಯ ಮಾನಕ ಐಎಸ್ 875ರ ಎರಡನೆಯ ಭಾಗ ಜನ ಓಡಾಡುವ ಸಮತಟ್ಟು ಚಾವಣಿಗೆ ಲೆಕ್ಕ ಹಿಡಿಯುವುದು ಚದರ ಮೀಟರಿಗೆ 1.5 ಕಿಲೊನ್ಯೂಟನ್, ಅಂದರೆ ಸುಮಾರು 150 ಕಿಲೋ. ನೆನೆದ ಮಣ್ಣು ಘನ ಮೀಟರಿಗೆ 1,600ರಿಂದ 2,000 ಕಿಲೋ ತೂಗುತ್ತದೆ. ಗೇಣುದ್ದಕ್ಕಿಂತ ಕಡಿಮೆ, ಹತ್ತು ಸೆಂಟಿಮೀಟರು ಹರಡಿದರೆ ಆ ಮಿತಿ ಮೀರಿತು. ಬೆಂಗಳೂರಿನಲ್ಲಿ ಕೀಟಶಾಸ್ತ್ರಜ್ಞ ಬಿ.ಎನ್. ವಿಶ್ವನಾಥ್ ಬೆಳೆಸಿದ ತಾರಸಿ ತೋಟದ ಬಳಗದವರು ತೆಂಗಿನ ನಾರಿನ ಪುಡಿ, ಕಾಂಪೋಸ್ಟು, ಕುಂಡ, ಚೀಲಗಳನ್ನು ನೆಚ್ಚಿಕೊಂಡದ್ದು ಇದರಿಂದಾಗಿ. ಡೆಸ್ಪೊಮಿಯೆಯ ವಿದ್ಯಾರ್ಥಿಗಳು ಎದುರಿಸಿದ್ದೂ ಮಾಳಿಗೆಯ ಮಿತಿಯನ್ನೇ, ಬೇರೆ ಲೆಕ್ಕದಲ್ಲಿ: ಮ್ಯಾನ್‌ಹಟನ್ನಿನ ಮಾಳಿಗೆಗಳೆಲ್ಲ ಸೇರಿದರೂ ಅಲ್ಲಿಯ ಜನರಲ್ಲಿ ಶೇಕಡಾ 2ರಷ್ಟು ಮಂದಿಗೆ ಮಾತ್ರ ಅನ್ನ ಸಿಗುತ್ತದೆಂದು ಕಂಡಮೇಲೆ ಕೃಷಿಯನ್ನು ಅಂತಸ್ತುಗಳ ಒಳಕ್ಕೆ ತರುವ ವಿಚಾರ ಹುಟ್ಟಿತು. ಅದಕ್ಕೆ ಬೇಯ್ಲಿಯ ನೆರವು ಬೇಕಾಗಿರಲಿಲ್ಲ.

ಬೇಯ್ಲಿ ತೆರವು ಮಾಡಿದ ಜಾಗಕ್ಕೆ ಪುಸ್ತಕವೇ ಬೇಕೆಂದು ಹಟ ಹಿಡಿಯುವವರಿಗೆ ಜೇಮ್ಸ್ ಶೋಲ್ಟೊ ಡಗ್ಲಸ್ಸನ 'ಹೈಡ್ರೊಪೋನಿಕ್ಸ್: ದಿ ಬೆಂಗಾಲ್ ಸಿಸ್ಟಮ್' ಸೂಚಿಸುತ್ತೇನೆ. 1951ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಪ್ರಕಟಿಸಿದ ಈ ಪುಸ್ತಕದ ಹಿಂದಿರುವುದು 1943ರ ಬಂಗಾಳದ ಕ್ಷಾಮ ಮುಗಿದ ಕೆಲವೇ ವರ್ಷಗಳಲ್ಲಿ ಆಗ ಡಾರ್ಜಿಲಿಂಗ್ ಜಿಲ್ಲೆಯಲ್ಲಿದ್ದ ಕಾಲಿಂಪಾಂಗ್‌ನಲ್ಲಿ ನಡೆದ ಪ್ರಯೋಗ. ಕ್ಯಾಲಿಫೋರ್ನಿಯಾದಲ್ಲಿ ಸಸ್ಯವಿಜ್ಞಾನಿ ಗೆರಿಕೆ ಮಣ್ಣಿಲ್ಲದ ಬೇಸಾಯಕ್ಕಾಗಿ ಬೆಳೆಸಿದ ದ್ರಾವಣದ ತೊಟ್ಟಿಗಳನ್ನು ಬಿಟ್ಟು, ಜಲ್ಲಿ ಚೂರು ಮತ್ತು ಮರಳಿನ ಹಾಸಿನ ಮೇಲೆ ಲವಣಗಳನ್ನು ಒಣಗಿದ್ದಂತೆಯೇ ಉದುರಿಸಿ ನೀರು ಹನಿಸುವ ಅಗ್ಗದ ವಿಧಾನ ಅದು. ಜಲ್ಲಿಯ ತೂಕದ ಪ್ರಶ್ನೆ ಅಲ್ಲೂ ಉಳಿದೇ ಇದೆ. ಆದರೆ ಪಂಪೂ ಬೇಡ, ವಿದ್ಯುತ್ತೂ ಬೇಡ, ಫಲವತ್ತಾದ ಮಣ್ಣೂ ಬೇಡ. ಗೋಪುರದ ಚಿತ್ರ ಮಾತ್ರ ಅದರಲ್ಲಿಲ್ಲ. ಲಂಬ ಕೃಷಿಯ ಇತಿಹಾಸಕಾರರು ಅದನ್ನು ತೆರೆಯದಿರಲು ಬೇರೆ ಕಾರಣ ನನಗೆ ತೋಚುವುದಿಲ್ಲ.