‘ಕೌನ್ಸೆಲ್’ ಮತ್ತು ‘ವಕೀಲ’: ಎರಡು ಶಬ್ದಗಳ ಅರ್ಥಚರಿತ್ರೆ

ಇಂಗ್ಲೀಷು ಭಾಷೆಯಲ್ಲಿ ‘ಕೌನ್ಸೆಲ್’ ಎಂಬುದೊಂದು ಶಬ್ದವುಂಟು. ಹಿತವಚನ ಅಥವಾ ಆಲೋಚನೆ ಎಂಬುದು ಅದರ ಒಂದರ್ಥ. ನ್ಯಾಯಸ್ಥಾನದಲ್ಲಿ ಕಕ್ಷಿಗಾರನ ಪರವಾಗಿ ನಿಂತು ವಾದಿಸುವವನು ಎಂಬುದು ಇನ್ನೊಂದರ್ಥ. ಕನ್ನಡದಲ್ಲಿ ಈ ಎರಡರ್ಥಗಳನ್ನೂ ಒಟ್ಟಿಗೆ ಹೊರುವ ಮಾತಿಲ್ಲ. ಮೊದಲನೆಯದಕ್ಕೆ ‘ಸಲಹೆ’ ಎನ್ನುವೆವು. ಎರಡನೆಯದಕ್ಕೆ ‘ವಕೀಲ’ ಎನ್ನುವೆವು. ಇದು ಕೇವಲ ನಿಘಂಟುಕಾರರ ತೊಡಕೆಂದು ಭಾವಿಸಬಹುದು. ಆದರೆ ಒಂದು ವೃತ್ತಿಯನ್ನು ಜನರು ಯಾವ ಹೆಸರಿನಿಂದ ಕರೆಯುವರೋ ಆ ಹೆಸರಿಗೆ ತಕ್ಕುದನ್ನೇ ಆ ವೃತ್ತಿಯವರಿಂದ ನಿರೀಕ್ಷಿಸುವರು. ಆದುದರಿಂದ ಈ ಎರಡು ಶಬ್ದಗಳು ನಡೆದು ಬಂದ ದಾರಿಯನ್ನು ವಿಚಾರಿಸುವುದು ಪ್ರಯೋಜನಕರವಾದುದು. ಇವುಗಳಲ್ಲಿ ಕನ್ನಡದ ಶಬ್ದವು ದಾರಿ ಬದಲಿಸಿದ ಕಾಲದ ಮುಖ್ಯ ಘಟನೆಗಳಲ್ಲಿ ಕೆಲವು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಬೆಟ್ಟಗಳ ನಡುವೆಯೇ ನಡೆದುವೆಂಬುದು ಗಮನಾರ್ಹ.

(೧) ಇಂಗ್ಲೀಷು ಶಬ್ದದ ಬೆಳವಣಿಗೆ

‘ಕೌನ್ಸೆಲ್’ ಶಬ್ದಕ್ಕೆ ಮೂಲವು ಲ್ಯಾಟಿನ್ನಿನ ‘ಕೋನ್ಸಿಲಿಯುಂ’. ಅದಕ್ಕೆ ಆಲೋಚನೆ, ವಿವೇಕ, ಉದ್ದೇಶ ಎಂಬ ಅರ್ಥಗಳಿದ್ದುವು. ಫ್ರೆಂಚಿನ ಮೂಲಕ ಅದು ಇಂಗ್ಲೀಷಿಗೆ ಬಂದಿತು. ಸಭೆಯೆಂಬ ಅರ್ಥದ ‘ಕೌನ್ಸಿಲ್’ ಎಂಬುದು ‘ಕೋನ್ಕಿಲಿಯುಂ’ ಎಂಬ ಬೇರೊಂದು ಮೂಲದಿಂದ ಬಂದುದು. ಉಚ್ಚಾರಣೆ ಹತ್ತಿರವಾದುದರಿಂದಲೂ, ಸಭೆ ಸೇರುವುದು ಆಲೋಚನೆಗಾಗಿಯೇ ಆದುದರಿಂದಲೂ ಈ ಎರಡು ಶಬ್ದಗಳು ಬಹುಕಾಲ ಒಂದರೊಡನೊಂದು ಬೆರೆತುಹೋಗಿದ್ದುವು. ಇವುಗಳ ಬರೆವಣಿಗೆಯಲ್ಲಿ ಖಚಿತವಾದ ಭೇದ ನಿಂತುದು ಈಚೆಗೆ.

ಮೊದಲು ಆಲೋಚನೆ; ಆಮೇಲೆ ಆಲೋಚನೆ ಹೇಳುವವನು; ಕೊನೆಗೆ ಕಾನೂನಿನ ವಿಷಯದಲ್ಲಿ ಆಲೋಚನೆ ಹೇಳಿ ವಾದಿಸುವವನು: ಇದು ಅರ್ಥವು ಇಳಿದು ಬಂದ ಕ್ರಮ. ವಕೀಲನೆಂಬ ಅರ್ಥದಲ್ಲಿ ಈ ಶಬ್ದಕ್ಕೆ ಏಕವಚನ ಬಹುವಚನಗಳಲ್ಲಿ ರೂಪಭೇದವಿಲ್ಲ. ಒಬ್ಬನಿರಲಿ ಹತ್ತು ಮಂದಿಯಿರಲಿ ‘ಕೌನ್ಸೆಲ್’ ಎಂದೇ ಹೇಳುವರು. ವ್ಯಕ್ತಿಗೆ ಸಲ್ಲುವ ಮೊದಲು ಇದು ಭಾವವಾಚಕವಾಗಿತ್ತೆಂಬುದರ ಗುರುತು ಇಲ್ಲಿ ಉಳಿದಿದೆ. ತನ್ನ ಮನಸ್ಸಿನಲ್ಲಿರುವುದನ್ನು ಹೊರಗೆಡಹದೆ ಇಟ್ಟುಕೊಳ್ಳುವುದಕ್ಕೂ ಇಂಗ್ಲೀಷಿನವರು ಇದೇ ಶಬ್ದವನ್ನು ಬಳಸುವರು.

ಆಲೋಚನೆ ಹೇಳುವುದು, ಪರವಾಗಿ ಮಾತಾಡುವುದು ಎಂಬ ಎರಡು ಕಾರ್ಯಗಳು ಒಂದೇ ಶಬ್ದದಲ್ಲಿ ಕೂಡಿದ್ದರೂ ಇಂಗ್ಲೆಂಡಿನ ನ್ಯಾಯಪದ್ಧತಿಯಲ್ಲಿ ಯಾವಾಗಲೂ ಕೂಡಿರಲಿಲ್ಲ. ಘೋರಾಪರಾಧದ ಆರೋಪ ಹೊತ್ತವನ ಪರವಾಗಿ ಜ್ಯೂರಿಯ ಮುಂದೆ ಪೂರ್ಣವಾದ ವಾದವನ್ನು ಮಂಡಿಸಲು ಅಲ್ಲಿ ವಕೀಲನಿಗೆ ಅವಕಾಶ ದೊರೆತುದು ೧೮೩೬ರ ಶಾಸನದಿಂದ. ಅದಕ್ಕೆ ಮೊದಲು ಆರೋಪಿಯು ಕಾನೂನಿನ ಅಂಶಗಳಲ್ಲಿ ವಕೀಲನ ನೆರವನ್ನು ಪಡೆಯಬಹುದಾಗಿತ್ತು. ತನ್ನ ಕಥೆಯನ್ನು ಮಾತ್ರ ತಾನೇ ಹೇಳಿಕೊಳ್ಳಬೇಕಾಗಿತ್ತು. ಅಂದರೆ ‘ಕೌನ್ಸೆಲ್’ ಎಂಬವನು ಬಹುಕಾಲ ಆರೋಪಿಗೆ ಬುದ್ಧಿಯಾಗಿದ್ದನೇ ಹೊರತು ಬಾಯಾಗಿರಲಿಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಆರೋಪಿಗೆ ‘ಕೌನ್ಸೆಲ್’ನ ಸಹಾಯವು ಹಕ್ಕೆಂದು ರಾಜ್ಯಾಂಗದ ಆರನೆಯ ತಿದ್ದುಪಡಿಯಲ್ಲಿ ಸೇರಿದುದು ೧೭೯೧ನೆಯ ಡಿಸೆಂಬರ್ ೧೫ರಂದು.

(೨) ‘ವಕೀಲ’ ಶಬ್ದದ ಪೂರ್ವಾರ್ಥ

ಅದೇ ತಿಂಗಳ ೨೧ರಂದು ಮಾಗಡಿಯ ಸಾವನದುರ್ಗವು ಲಾರ್ಡ್ ಕಾರ್ನ್‌ವಾಲಿಸನ ಸೈನ್ಯದ ವಶವಾಯಿತು. ಬೆನ್ನಿಗೇ ರಾಮಗಿರಿ, ಶಿವನಗಿರಿಗಳೂ ಬಿದ್ದುವು. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿ ಹೀಗೆ ತೆರೆಯಿತು. ಮುಂದಿನ ಫೆಬ್ರವರಿಯಲ್ಲಿ ಟೀಪೂ ಸುಲ್ತಾನನು ಸಂಧಿಗೆ ಒಪ್ಪಿ, ತನ್ನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಿದನು. ೧೭೯೨ನೆಯ ಫೆಬ್ರವರಿ ೨೬ರಂದು ಆ ರಾಜಕುಮಾರರನ್ನು ಕಾರ್ನ್‌ವಾಲಿಸನ ಕೈಗೆ ಒಪ್ಪಿಸಿದವನು ಸುಲ್ತಾನನ ಮುಖ್ಯ ‘ವಕೀಲ’ ಗುಲಾಂ ಅಲಿ ಖಾನ್.

ಈ ಗುಲಾಂ ಅಲಿ ಖಾನನು ಯಾವ ನ್ಯಾಯಸ್ಥಾನದಲ್ಲಿಯೂ ವಾದಿಸಿದವನಲ್ಲ. ರಾಜನ ಪ್ರತಿನಿಧಿ, ರಾಯಭಾರಿ. ಅಂದಿನ ಮಾತಿನಲ್ಲಿ ‘ವಕೀಲ’ ಎಂದರೆ ಇದೇ ಅರ್ಥ. ಅರಬ್ಬಿಯಲ್ಲಿ ಈ ಶಬ್ದದ ಧಾತುವಿಗೆ ‘ಒಪ್ಪಿಸು, ವಹಿಸು’ ಎಂದರ್ಥ. ಒಬ್ಬನು ತನ್ನ ಕಾರ್ಯವನ್ನು ಯಾರಿಗೆ ಒಪ್ಪಿಸಿರುವನೋ ಅವನೇ ‘ವಕೀಲ್’. ಇಸ್ಲಾಂ ಧರ್ಮದಲ್ಲಿ ಎಲ್ಲವನ್ನೂ ಒಪ್ಪಿಸತಕ್ಕವನಾದ ದೇವರಿಗೂ ಇದೊಂದು ಹೆಸರು. ಮೊಗಲರ ರಾಜ್ಯದಲ್ಲಿ ಬಾದಶಹನ ಪರವಾಗಿ ಸಮಸ್ತ ಅಧಿಕಾರವನ್ನೂ ನಡೆಸುವವನು ‘ವಕೀಲ್-ಇ-ಮುತ್ಲಕ್’. ಪಾರಸಿಯಿಂದಲೂ ಮರಾಠಿಯಿಂದಲೂ ದಫ್ತರಿನ ಇತರ ಮಾತುಗಳೊಡನೆ ಕನ್ನಡಕ್ಕೆ ಬಂದಾಗ ಈ ಶಬ್ದವು ಹೊತ್ತು ತಂದುದು ರಾಯಭಾರದ ಅರ್ಥವನ್ನು.

ಈ ಮೂಲಾರ್ಥವು ಇಂದಿಗೂ ಸಂಪೂರ್ಣವಾಗಿ ಅಳಿದಿಲ್ಲ. ಚನ್ನಪಟ್ಟಣ, ರಾಮನಗರಗಳ ಮುಸಲ್ಮಾನರಲ್ಲಿ ನಿಕಾಹ್ ನಡೆಯುವಾಗ ವಧುವಿನ ಸಮ್ಮತಿಯನ್ನು ಕೇಳಿ ತಂದು ಸಭೆಗೆ ತಿಳಿಸುವವನನ್ನು ‘ವಕೀಲ’ನೆಂದೇ ಕರೆಯುವರು. ಅವನು ಕಾನೂನು ಓದಿದವನಲ್ಲ. ಬಂಧುವೋ ಆಪ್ತನೋ ಆಗಿರುವನು. ವಧುವಿಗೆ ಬುದ್ಧಿ ಹೇಳುವುದು ಅವನ ಕಾರ್ಯವಲ್ಲ, ಅವಳ ಮಾತನ್ನು ಮುಟ್ಟಿಸುವುದು ಅವನ ಕಾರ್ಯ.

(೩) ಅರ್ಥಾಂತರ

ರಾಯಭಾರಿಯು ನ್ಯಾಯವಾದಿಯಾದುದು ಹೇಗೆ? ಇದರಲ್ಲಿಯೂ ಕಾರ್ನ್‌ವಾಲಿಸನ ಕೈ ಇದೆ. ಶ್ರೀರಂಗಪಟ್ಟಣದ ಸಂಧಿಯ ಮರುವರ್ಷ, ಎಂದರೆ ೧೭೯೩ರಲ್ಲಿ, ಅವನ ಸರ್ಕಾರವು ಬಂಗಾಳದಲ್ಲಿ ಹೊರಡಿಸಿದ ಏಳನೆಯ ರೆಗ್ಯುಲೇಷನ್ನು ದಿವಾನೀ ನ್ಯಾಯಸ್ಥಾನಗಳಲ್ಲಿ ವಾದಿಸತಕ್ಕ ದೇಶೀಯರಿಗೆ ಸನ್ನದು ಕೊಡುವ ಪದ್ಧತಿಯನ್ನೂ ಅವರ ಶುಲ್ಕವನ್ನೂ ಗೊತ್ತುಪಡಿಸಿತು. ಅವರಿಗಿಟ್ಟ ಹೆಸರು ‘ವಕೀಲ’. ಕಾಲಕ್ರಮದಲ್ಲಿ ಇತರ ಪ್ರಾಂತಗಳಿಗೂ ಈ ಪದ್ಧತಿ ಹಬ್ಬಿತು. ರಾಜರ ನಡುವಣ ವಕೀಲರಿಗೆ ಕೆಲಸ ಕಡಮೆಯಾದಂತೆಲ್ಲ ಪ್ರಜೆಗಳ ವಕೀಲರಿಗೆ ಕೆಲಸ ಹೆಚ್ಚಿತು.

ಮೈಸೂರು ಸೀಮೆಯಲ್ಲಿ ಈ ಬದಲಾವಣೆಯ ಗುರುತು ಊರಿನ ಹೆಸರಿನಲ್ಲಿಯೇ ಉಳಿಯಿತು. ಟೀಪುವಿನ ಕಾಲದಲ್ಲಿ ಶಂಷೇರಾಬಾದ್ ಎನಿಸಿದ್ದ ಊರು ೧೭೯೯ರ ಬಳಿಕ, ಮೈಸೂರಿನ ಮೊದಲನೆಯ ರೆಸಿಡೆಂಟನಾದ ಬ್ಯಾರಿ ಕ್ಲೋಸನ ಹೆಸರಿನಿಂದ ಕ್ಲೋಸ್‌ಪೇಟೆಯಾಯಿತು. ರೆಸಿಡೆಂಟನೆಂದರೆ ಹಳೆಯ ಅರ್ಥದಲ್ಲಿ ಕಂಪೆನಿಯ ವಕೀಲನೇ. ಆದರೆ ಹೊಸ ಪ್ರಭುವಿನ ಪ್ರತಿನಿಧಿಗೆ ಹಳೆಯ ಹೆಸರು ಸಲ್ಲಲಿಲ್ಲ. ರಾಜಕಾರ್ಯದಲ್ಲಿ ಹೀಗೆ ತೆರವಾದ ಶಬ್ದವು ಕಛೇರಿಗೆ ಇಳಿಯಿತು. ೧೮೫೬ರಲ್ಲಿ ಮೈಸೂರಿಗೆ ಜುಡಿಷಿಯಲ್ ಕಮಿಷನರ ನೇಮಕ, ೧೮೮೪ರಲ್ಲಿ ಚೀಫ್ ಕೋರ್ಟಿನ ಸ್ಥಾಪನೆ, ೧೯೩೦ರಲ್ಲಿ ಅದಕ್ಕೆ ಹೈಕೋರ್ಟೆಂಬ ಹೆಸರು: ಈ ಕ್ರಮದಲ್ಲಿ ನ್ಯಾಯಸ್ಥಾನಗಳು ಬೆಳೆದಂತೆ ‘ವಕೀಲ’ ಎಂಬುದು ಹಳ್ಳಿಗಾಡಿನಲ್ಲಿಯೂ ಮನೆಮಾತಾಯಿತು. ಇದರೊಡನೆ ‘ವಕಾಲತ್ತು’ ಎಂಬ ಮಾತೂ ನಿಂತಿತು. ಕಾರಣವಿಲ್ಲದೆ ಒಬ್ಬರ ಪಕ್ಷ ವಹಿಸಿ ಮಾತಾಡುವವನನ್ನು ಕುರಿತು ‘ಅವನ ಪರ ವಕಾಲತ್ತು ಹಿಡಿದು ಬಂದಿದ್ದಾನೆ’ ಎಂದು ಜನರು ಆಡಿಕೊಳ್ಳುವರು.

ಕ್ಲೋಸ್‌ಪೇಟೆಯನ್ನು ರಾಮನಗರವೆಂದು ಕರೆಯುವುದಕ್ಕೆ ಕಾರಣರಾದವರು ಕೆಂಗಲ್ ಹನುಮಂತಯ್ಯನವರು. ಅವರು ಇದೇ ಸೀಮೆಯ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿ, ಪುಣೆಯಲ್ಲಿ ಕಾನೂನು ಓದಿ, ವಕೀಲಿ ಮಾಡಿ, ೧೯೫೨ರಲ್ಲಿ ಮೈಸೂರಿನ ಮುಖ್ಯಮಂತ್ರಿಗಳಾದವರು. ಹಳೆಯ ಅರ್ಥದ ವಕೀಲನೊಬ್ಬನ ಹೆಸರನ್ನು ಹೊಸ ಅರ್ಥದ ವಕೀಲರೊಬ್ಬರು ಊರಿನಿಂದ ಇಳಿಸಿದರು. ೨೦೦೭ರಲ್ಲಿ ಈ ನಾಲ್ಕು ತಾಲ್ಲೂಕುಗಳು ಕೂಡಿ ರಾಮನಗರ ಜಿಲ್ಲೆಯಾದುವು. ೨೦೨೫ರಲ್ಲಿ ರಾಜ್ಯ ಸರ್ಕಾರವು ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು.

(೪) ಆಲೋಚನೆಗೆ ಕನ್ನಡದ ಮಾತುಗಳು

ವಕೀಲನ ಹೆಸರಿನಲ್ಲಿ ಆಲೋಚನೆಯ ಅಂಶವಿಲ್ಲವೆಂದ ಮಾತ್ರಕ್ಕೆ ಕನ್ನಡದಲ್ಲಿ ಆ ಭಾವಕ್ಕೆ ಶಬ್ದದಾರಿದ್ರ್ಯವಿದೆಯೆಂದು ತಿಳಿಯಬಾರದು. ಸಂಸ್ಕೃತದಿಂದ ಬಂದ ‘ಮಂತ್ರ’ಕ್ಕೆ ರಾಜನೀತಿಯಲ್ಲಿ ಗೂಢಾಲೋಚನೆಯೆಂದರ್ಥ; ಅದನ್ನು ಹೇಳುವವನು ‘ಮಂತ್ರಿ’. ಮಂತ್ರವು ಆರು ಕಿವಿಗಳಿಗೆ ಬಿದ್ದರೆ ಕೆಟ್ಟಿತೆಂಬ ನೀತಿಯು ಪ್ರಸಿದ್ಧವಾದುದು. ‘ಸಲಹೆ’ ಎಂಬುದು ಅರಬ್ಬಿಯ ‘ಸಲಾಹ್’ ಎಂಬುದರ ರೂಪಾಂತರ. ಕಾಪಾಡು ಎಂಬರ್ಥದ ‘ಸಲಹು’ ಎಂಬ ಅಚ್ಚಗನ್ನಡ ಧಾತುವಿಗೂ ಇದಕ್ಕೂ ಸಂಬಂಧವಿಲ್ಲ. ಆದರೂ ಆ ಧ್ವನಿಸಾಮ್ಯದ ಬಲದಿಂದ ಈ ಪರಕೀಯ ಶಬ್ದವು ಕನ್ನಡದ್ದೇ ಎಂಬಂತೆ ಒಗ್ಗಿಹೋಗಿದೆ.

ಇವೆಲ್ಲಕ್ಕಿಂತ ವಿಚಾರಾರ್ಹವಾದುದು ‘ಬುದ್ಧಿ’ ಎಂಬ ಮಾತು. ‘ಬುದ್ಧಿ ಹೇಳು’ ಎಂದರೆ ಹಿತವನ್ನು ಹೇಳು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಒಡೆಯನನ್ನೂ ಗುರುವನ್ನೂ ‘ಬುದ್ಧೀ’ ಎಂದು ಸಂಬೋಧಿಸುವುದೂ ಉಂಟು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ೧೯೦೭ರಲ್ಲಿ ಹುಟ್ಟಿ, ೨೦೧೯ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳನ್ನು ಭಕ್ತರು ಕರೆಯುತ್ತಿದ್ದುದು ‘ಬುದ್ಧಿ’ ಎಂದೇ. ಇಲ್ಲಿ ಹಿತವಚನಕ್ಕೂ ಅದನ್ನು ಹೇಳುವವನಿಗೂ ಶಬ್ದ ಒಂದೇ, ಭಾವವಾಚಕವು ವ್ಯಕ್ತಿವಾಚಕವಾಗಿದೆ. ‘ಕೌನ್ಸೆಲ್’ ನಡೆದ ದಾರಿಯೂ ಇದೇ. ಭೇದವೇನೆಂದರೆ, ಇಂಗ್ಲೀಷಿನ ಮಾತು ಕೋರ್ಟಿಗೆ ಹೋಯಿತು; ಕನ್ನಡದ ಮಾತು ಮಠದಲ್ಲಿಯೂ ಗೌಡನ ಜಗಲಿಯಲ್ಲಿಯೂ ನಿಂತಿತು. ಒಡೆಯನಿಗೆ ಸಲ್ಲುವ ಈ ಸಂಬೋಧನೆಯಲ್ಲಿ ಮೇಲುಕೀಳಿನ ಭಾರವೂ ಇದೆಯೆಂಬುದನ್ನು ಮರೆಯಲಾಗದು. ಕೇಳುವವನು ಕೆಳಗೆ ನಿಂತು ಪಡೆಯುವ ಬುದ್ಧಿ ಅದು; ಸಮಾನನಾಗಿ ಕುಳಿತು ಪಡೆಯುವ ಆಲೋಚನೆಯಲ್ಲ.

(೫) ಭೇದದ ಫಲ

ಹೀಗೆ ನೋಡಿದರೆ ‘ವಕೀಲ’ ಶಬ್ದಕ್ಕೆ ಇಂಗ್ಲೀಷಿನಲ್ಲಿ ಸರಿಯಾದ ಜೋಡಿ ‘ಕೌನ್ಸೆಲ್’ ಅಲ್ಲ, ‘ಅಟಾರ್ನಿ’. ಅದಕ್ಕೂ ‘ನೇಮಿಸಲ್ಪಟ್ಟವನು’ ಎಂದೇ ಮೂಲಾರ್ಥ. ‘ಅಡ್ವೊಕೇಟ್’ ಎಂದರೆ ನೆರವಿಗೆ ಕರೆಯಲ್ಪಟ್ಟವನು. ೧೮೭೯ರ ಶಾಸನದಲ್ಲಿ ಅಡ್ವೊಕೇಟು, ವಕೀಲ, ಅಟಾರ್ನಿ, ಪ್ಲೀಡರು, ಮುಖ್ತಾರರೆಂದು ಬೇರೆ ಬೇರೆ ವರ್ಗಗಳಿದ್ದುವು. ೧೯೬೧ರ ಅಧಿನಿಯಮವು ಎಲ್ಲವನ್ನೂ ತೆಗೆದು ‘ಅಡ್ವೊಕೇಟ್’ ಎಂಬ ಒಂದೇ ವರ್ಗವನ್ನು ಉಳಿಸಿತು. ಕಾನೂನಿನಲ್ಲಿ ವಕೀಲನೆಂಬ ವರ್ಗ ಹೋಯಿತು. ಜನರ ಬಾಯಲ್ಲಿ ವಕೀಲನೇ ಉಳಿದನು.

ಹೆಸರು ಉಳಿದಂತೆ ಅದರ ನಿರೀಕ್ಷೆಯೂ ಉಳಿಯಿತು. ಕನಕಪುರದ ರೈತನು ವಕಾಲತ್ತಿಗೆ ರುಜು ಮಾಡುವಾಗ ತನ್ನ ಬಾಯನ್ನು ಇನ್ನೊಬ್ಬರಿಗೆ ಒಪ್ಪಿಸುತ್ತಿರುವೆನೆಂದು ತಿಳಿಯುವನು. ವ್ಯಾಜ್ಯ ಹೂಡಬೇಕೇ ಬೇಡವೇ ಎಂಬ ವಿಚಾರಕ್ಕೆ ವಕೀಲನ ಬಳಿಗೆ ಹೋಗಬಹುದೆಂಬುದು ಆ ಶಬ್ದದಿಂದ ಅವನಿಗೆ ತೋರದು. ಆ ವಿಚಾರಕ್ಕೆ ಅವನು ಊರಿನ ಹಿರಿಯನನ್ನೋ ನಂಟನನ್ನೋ ಕೇಳುವನು. ನಿಶ್ಚಯವಾದ ಮೇಲೆ ವಕೀಲನಲ್ಲಿಗೆ ಬರುವನು. ಆದರೆ ಭಾರತದ ಸಂವಿಧಾನದ ೨೨ನೆಯ ಅನುಚ್ಛೇದವು ಬಂಧಿತನಾದವನಿಗೆ ಕೊಟ್ಟಿರುವ ಹಕ್ಕು ಎರಡು ಭಾಗದ್ದು: ತಾನು ಆರಿಸಿದ ನ್ಯಾಯವಾದಿಯೊಡನೆ ಸಮಾಲೋಚಿಸುವುದು ಒಂದು, ಅವನಿಂದ ತನ್ನ ರಕ್ಷಣೆಯನ್ನು ಮಾಡಿಸಿಕೊಳ್ಳುವುದು ಇನ್ನೊಂದು. ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮವೂ ಮೊಕದ್ದಮೆ ನಡೆಸುವುದರೊಡನೆ ಕಾನೂನಿನ ವಿಷಯದಲ್ಲಿ ಸಲಹೆ ಕೊಡುವುದನ್ನೂ ‘ಕಾನೂನು ಸೇವೆ’ಯೆಂದೇ ಹೇಳಿದೆ. ಕಕ್ಷಿಗಾರನು ವೃತ್ತಿಸಂಬಂಧವಾಗಿ ವಕೀಲನಿಗೆ ಹೇಳಿದ ಮಾತು ಹೊರಬೀಳಕೂಡದೆಂಬ ನಿಯಮವು ೧೮೭೨ರ ಸಾಕ್ಷ್ಯ ಅಧಿನಿಯಮದಲ್ಲಿತ್ತು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಇದೆ. ಇದು ಮಂತ್ರಗುಪ್ತಿಯೇ ಹೊರತು ಬೇರೆಯಲ್ಲ. ಕಾನೂನು ಹೀಗೆ ಎರಡು ಕಾರ್ಯಗಳನ್ನೂ ಒಬ್ಬನಲ್ಲಿಯೇ ಇರಿಸಿದೆ. ಶಬ್ದವು ಒಂದನ್ನು ಮಾತ್ರ ತೋರಿಸುತ್ತಿದೆ.

‘ನ್ಯಾಯವಾದಿ’ ಎಂಬ ಹೊಸ ಮಾತಿನಿಂದಲೂ ಈ ಕೊರತೆ ತೀರದು, ಅದರಲ್ಲಿರುವುದೂ ವಾದವೇ. ಮನಸ್ಸಿನ ಕ್ಲೇಶಕ್ಕೆ ಪರಿಹಾರ ಹೇಳುವವರಿಗೆ ಈಚೆಗೆ ‘ಆಪ್ತಸಮಾಲೋಚಕ’ ಎಂಬ ಹೆಸರನ್ನು ಕಲ್ಪಿಸಿರುವರು. ಅದೂ ‘ಕೌನ್ಸೆಲ್’ ಶಬ್ದದ ಸಂತಾನಕ್ಕೇ ದೊರೆತ ಕನ್ನಡ ರೂಪ. ನಂಬತಕ್ಕವನು ಎಂಬರ್ಥದ ‘ಆಪ್ತ’, ಕೂಡಿ ವಿಚಾರಿಸುವುದು ಎಂಬರ್ಥದ ‘ಸಮಾಲೋಚನೆ’ ಎರಡೂ ಅದರಲ್ಲಿ ಸೇರಿವೆ. ಮೇಲುಕೀಳಿನ ಸೋಂಕು ಅದಕ್ಕಿಲ್ಲ. ವಕೀಲನಿಗೆ ಹೊಸ ಹೆಸರಿಡುವುದು ಈಗ ಆಗತಕ್ಕ ಕಾರ್ಯವಲ್ಲ; ಇನ್ನೂರು ವರ್ಷ ಬಾಳಿದ ಶಬ್ದವನ್ನು ಜನರು ಬಿಡಲಾರರು. ಆದರೆ ರಾಯಭಾರಿಯನ್ನು ನ್ಯಾಯವಾದಿಯಾಗಿ ಮಾಡಿಕೊಂಡ ಶಬ್ದವು ಆಲೋಚನೆಯ ಅರ್ಥವನ್ನೂ ಪಡೆಯಲಾರದೆಂದು ಹೇಳುವುದಕ್ಕೆ ಕಾರಣವಿಲ್ಲ. ಕಾನೂನಿನ ಅನುವಾದಗಳಲ್ಲಿಯೂ ಪಾಠಪುಸ್ತಕಗಳಲ್ಲಿಯೂ ವಕೀಲನ ಕಾರ್ಯವನ್ನು ಹೇಳುವಾಗ ವಾದಕ್ಕೆ ಮುಂಚೆ ಸಮಾಲೋಚನೆಯನ್ನು ಹೇಳಿದರೆ ಆ ಅರ್ಥವು ಕ್ರಮೇಣ ಶಬ್ದಕ್ಕೆ ಅಂಟಿಕೊಳ್ಳುವುದು; ವ್ಯಾಜ್ಯವಾಗುವುದಕ್ಕೆ ಮೊದಲೇ ಬಂದು ವಿಚಾರಿಸುವ ಹಕ್ಕು ತನಗುಂಟೆಂಬುದೂ ಆಗ ಕಕ್ಷಿಗಾರನಿಗೆ ತಿಳಿಯುವುದು.