ಶಿಡ್ಲಘಟ್ಟದ ನೂಲು ಮತ್ತು ಗೂಡಿನ ಸರದಿ

ಶಿಡ್ಲಘಟ್ಟದ ರೇಷ್ಮೆಯ ಚರಿತ್ರೆಯನ್ನು ಯಂತ್ರಗಳ ಚರಿತ್ರೆಯಾಗಿ ಹೇಳುವುದು ರೂಢಿ: ಮೊದಲು ಚರಕ, ಆಮೇಲೆ ಕಾಟೇಜ್ ಬೇಸಿನ್, ಈಗ ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರ. ಆದರೆ ಈ ಕಸುಬಿನ ಜೀವ ಇರುವುದು ಸರದಿಯಲ್ಲಿ. ಒಂದು ಗೂಡಿನ ಎಳೆ ಎರಡು ಮೂರು ಡೆನಿಯರ್ ದಪ್ಪದ್ದು. ಹೊರಪದರದಲ್ಲಿ ದಪ್ಪ, ಒಳಗೆ ಹೋದಂತೆ ತೆಳು. 20-22 ಡೆನಿಯರ್ ನೂಲಿಗೆ ಎಂಟು ಹತ್ತು ಗೂಡುಗಳ ಎಳೆ ಕೂಡಬೇಕು. ಅವೆಲ್ಲ ಒಟ್ಟಿಗೆ ಶುರುವಾಗಿ ಒಟ್ಟಿಗೆ ಮುಗಿದರೆ ನೂಲು ಕೆಡುತ್ತದೆ. ಹಾಗಾಗಿ ಹೊಸ ಗೂಡು, ಅರ್ಧ ಬಿಚ್ಚಿದ ಗೂಡು, ಮುಗಿಯುತ್ತಿರುವ ಗೂಡು ಬೆರೆತಿರಬೇಕು. ಒಂದು ಮುಗಿದ ಕೂಡಲೇ ಬಿಸಿನೀರಿನಲ್ಲಿ ಕಾದಿರುವ ಇನ್ನೊಂದರ ತುದಿ ಸೇರಬೇಕು.

ಟಿಪ್ಪುವಿನ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ರೇಷ್ಮೆ ಈ ಬಯಲುಸೀಮೆಯಲ್ಲಿ ಬೇರೂರಿದ್ದಕ್ಕೂ ಸರದಿಯೇ ಒಂದು ದೊಡ್ಡ ಕಾರಣ. ಚಳಿದೇಶಗಳಲ್ಲಿ ಗೂಡು ಋತುವಿಗೆ ಕಟ್ಟುಬಿದ್ದದ್ದು. ಇಲ್ಲಿ ನೀರಿದ್ದರೆ ಹಿಪ್ಪುನೇರಳೆ ವರ್ಷವಿಡೀ ಚಿಗುರುತ್ತದೆ, ಬೆಳೆ ಬೆಳೆಯ ಹಿಂದೆ ಬರುತ್ತದೆ. ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರದ ರೈತರ ಗೂಡು ಬೇರೆ ಬೇರೆ ದಿನ ಮಾರುಕಟ್ಟೆಗೆ ಬರುವುದರಿಂದ, ದಾಸ್ತಾನಿಗೆ ಬಂಡವಾಳವಿಲ್ಲದ ಸಣ್ಣ ರೀಲರ್ ಕೂಡ ಇಂದು ಕೊಂಡು ಬೇಗನೆ ನೂಲು ತೆಗೆದು ಮಾರಿ ಬದುಕಬಲ್ಲ. ಆದರೆ ಗೂಡು ಹೆಚ್ಚು ದಿನ ಕಾಯದು. ಒಳಗಿನ ಹುಳು ಚಿಟ್ಟೆಯಾಗಿ ತೂತು ಮಾಡಿದರೆ ಎಳೆ ಬಿಚ್ಚಲು ಬಾರದು. ಈ ಆತುರವೇ ರೈತನನ್ನು ದಲ್ಲಾಳಿಯ ಮುಂದೆ ಬಗ್ಗಿಸಬಲ್ಲದು. ಗೂಡಿನ ಮಾರಾಟವನ್ನು ಸರ್ಕಾರದ ನಿಯಂತ್ರಣಕ್ಕೆ ತಂದ 1959ರ ಕರ್ನಾಟಕ ಕಾಯ್ದೆಯ ಬೆಲೆ ಇಲ್ಲಿದೆ: ಬಹಿರಂಗ ಹರಾಜಿನಲ್ಲಿ ಲಾಟಿನ ಮೇಲೆ ಲಾಟು ಎಲ್ಲರ ಕಣ್ಣೆದುರು ಬೆಲೆ ಕಂಡಿತು.

ಚರಕದ ಒರಟು ನೂಲಿಗೂ ಮಾರುಕಟ್ಟೆಯಿತ್ತಲ್ಲ, ಸರದಿಗೇಕೆ ಇಷ್ಟು ಮಹತ್ವ ಎಂದು ಕೇಳಬಹುದು. ಇತ್ತು, ನಿಜ, ಆದರೆ ಏರುಪೇರಿನ ಆ ನೂಲು ಹೆಚ್ಚಾಗಿ ಹೊಕ್ಕಿಗೆ ಸಲ್ಲುತ್ತಿತ್ತು, ಹಾಸಿನ ಎಳೆತ ತಾಳುವ ಸಮನೂಲಿಗೆ ಬೆಲೆಯೇ ಬೇರೆ. ಈಗ ಯಂತ್ರವೇ ನೂಲಿನ ದಪ್ಪ ಅಳೆದು ಗೂಡು ಸೇರಿಸುತ್ತದೆ, ಕೈಚಳಕದ ಕಾಲ ಮುಗಿಯಿತು ಎನ್ನುವ ವಾದ ಇದಕ್ಕಿಂತ ಗಟ್ಟಿಯಾದದ್ದು. ಆದರೆ ಆ ಯಂತ್ರಕ್ಕೆ ಒಂದೇ ಗುಣದ ದ್ವಿತಳಿ ಗೂಡು ತಪ್ಪದೆ ಸಿಗಬೇಕು. ಬೇಸಿನ್ ಮುಂದೆ ಕೂತ ಹೆಂಗಸಿನ ಬೆರಳು ಹೊರುತ್ತಿದ್ದ ಹೊಣೆಯಲ್ಲಿ ಬಹುಪಾಲು ಈಗ ಹುಳು ಸಾಕುವ ಮನೆಗೆ ದಾಟಿದೆ. ಆದ್ದರಿಂದ ಯಂತ್ರಕ್ಕೆ ಕೊಡುವ ಸಹಾಯಧನವೊಂದೇ ಈ ಕಸುಬನ್ನು ಉಳಿಸದು. ಸೊಪ್ಪು, ಹುಳು, ಹರಾಜು, ಬಿಚ್ಚಾಣಿಕೆ ಇವುಗಳಲ್ಲಿ ಯಾವ ಕೊಂಡಿ ಸೋತರೂ ನೂಲು ಕಡಿಯುತ್ತದೆ. ನೆರವು ಮೊದಲು ತಲುಪಬೇಕಾದದ್ದು ಸೋಲುತ್ತಿರುವ ಕೊಂಡಿಗೆ.